ಅಂಗಡಿಯ ಖಾತೆ, ಸರ್ಕಾರದ ಖಾತೆ

ಮಾನ್ಯರೇ,

ಮಂಡಿಪೇಟೆಯಿಂದ ತಾವು ಬರೆದ ನಾಲ್ಕು ಪುಟಗಳ ಕಾಗದ ತಲುಪಿತು. ಹೆಸರು ಪ್ರಕಟಿಸಬಾರದೆಂದು ಕೋರಿದ್ದೀರಿ; ಹಾಗೆಯೇ ಆಗಲಿ. ಉಳಿದ ಓದುಗರಿಗೆ ತಿಳಿಯಲೆಂದು ಅದರ ಸಾರವನ್ನಷ್ಟೇ ಹೇಳುತ್ತೇನೆ. ವ್ಯಾಪಾರದಲ್ಲಿ ಗೆದ್ದವರೆಲ್ಲ ಶಾಸನಸಭೆಯಲ್ಲಿಯೂ ಸೈ ಎನ್ನಿಸಿಕೊಳ್ಳುತ್ತಾರೆಂದು ನಂಬುವುದು ಸರಿಯಲ್ಲವೆಂದು ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದು ತಮಗೆ ನೋವುಂಟುಮಾಡಿದೆ. ದಾವಣಗೆರೆಯನ್ನು ಕಟ್ಟಿದವರೇ ವರ್ತಕರು, ಮೂವತ್ತು ವರ್ಷ ರೋಕಡಿ, ಅಂದರೆ ದಿನದ ನಗದು ಲೆಕ್ಕ, ಬರೆದವನಿಗೆ ಕಾಸಿನ ಬೆಲೆ ಗೊತ್ತಿರುತ್ತದೆ, ಅಂಥವನು ಶಾಸಕನಾದರೆ ಸರ್ಕಾರದ ದುಡ್ಡು ಪೋಲಾಗುವುದಿಲ್ಲ ಎಂಬುದು ತಮ್ಮ ವಾದ. ಮೆಕ್ಕೆಜೋಳದ ವ್ಯಾಪಾರದ ಜೊತೆಗೆ ಸರ್ಕಾರಿ ವಿದ್ಯಾರ್ಥಿನಿಲಯಗಳಿಗೆ ದಿನಸಿ ಪೂರೈಸುವ ತಮ್ಮ ಕಿರಿಯ ಸಹೋದರರು ಮುಂದಿನ ವಿಧಾನಸಭಾ ಚುನಾವಣೆಗೆ ನಿಲ್ಲುವ ಯೋಚನೆಯಲ್ಲಿದ್ದಾರೆಂದೂ, ಅದಕ್ಕಾಗಿ ಅವರು ಅಂಗಡಿ ಮುಚ್ಚಬೇಕೇ ಎಂದೂ ಕೊನೆಯಲ್ಲಿ ಕೇಳಿದ್ದೀರಿ.

ವರ್ತಕರು ಈ ಊರನ್ನು ಕಟ್ಟಿದರೆಂಬ ಮಾತಿಗೆ ನನ್ನ ತಕರಾರಿಲ್ಲ. ಹತ್ತಿ ಗಿರಣಿಗಳು ಬಂದದ್ದು ಅವರ ಬಂಡವಾಳದಿಂದ. ಜಿಲ್ಲಾ ಆಸ್ಪತ್ರೆಯನ್ನು ಜನ ಇಂದಿಗೂ ಕರೆಯುವುದು ಚಿಗಟೇರಿ ಆಸ್ಪತ್ರೆಯೆಂದೇ. ರಾಜನಹಳ್ಳಿ ಮನೆತನದ ದಾನಧರ್ಮವನ್ನು ನೆನೆಯದ ಹಿರಿಯರು ಇಲ್ಲಿ ಇಲ್ಲ. ಆದರೆ ಇದೇ ಊರು 1978, 1983 ಮತ್ತು 1985ರಲ್ಲಿ ಕಮ್ಯೂನಿಸ್ಟ್ ಪಕ್ಷದ ಕಾರ್ಮಿಕ ಮುಖಂಡ ಪಂಪಾಪತಿಯವರನ್ನು ವಿಧಾನಸಭೆಗೆ ಕಳುಹಿಸಿತೆಂಬುದನ್ನು ತಮ್ಮ ಪತ್ರ ಮರೆತಿದೆ. ಗಿರಣಿಯ ಒಡೆಯನಷ್ಟೇ ಗಿರಣಿಯ ಕೆಲಸಗಾರನೂ ಊರಿನ ಪರವಾಗಿ ಮಾತನಾಡಬಲ್ಲನೆಂದು ಇಲ್ಲಿನ ಮತದಾರರು ಮೂರು ಸಲ ತೀರ್ಪು ಕೊಟ್ಟಿದ್ದಾರೆ. ಆದ್ದರಿಂದ ವ್ಯಾಪಾರವನ್ನು ಶಾಸಕತನಕ್ಕೆ ಅರ್ಹತೆಯೆಂದು ನಾನು ಒಪ್ಪಲಾರೆ, ಅನರ್ಹತೆಯೆಂದೂ ಹೇಳಲಾರೆ. ಅಂಗಡಿಯಿಂದ ವಿಧಾನಸೌಧಕ್ಕೆ ಹೋಗುವ ದಾರಿಯ ನಡುವೆ ಆ ಮನುಷ್ಯ ಎಲ್ಲೆಲ್ಲಿ ನಿಂತಿದ್ದ, ಯಾರ ಮುಂದೆ ಲೆಕ್ಕ ಒಪ್ಪಿಸಿದ್ದ ಎಂಬುದನ್ನು ನಾನು ನೋಡುತ್ತೇನೆ.

ತಾವು ಶಾಮನೂರು ಶಿವಶಂಕರಪ್ಪನವರ ಉದಾಹರಣೆ ಕೊಟ್ಟಿದ್ದೀರಿ. ಅದನ್ನೇ ತೆಗೆದುಕೊಳ್ಳೋಣ. 1931ರಲ್ಲಿ ಹುಟ್ಟಿ, ವ್ಯಾಪಾರದಲ್ಲಿ ಬೆಳೆದ ಅವರು ಮೊದಲ ಬಾರಿಗೆ ವಿಧಾನಸಭೆಗೆ ಆರಿಸಿಬಂದದ್ದು 1994ರಲ್ಲಿ, ಅಂದರೆ ಅರವತ್ತು ದಾಟಿದ ಮೇಲೆ. ಅದಕ್ಕೂ ಬಹಳ ಮುಂಚೆ ಅವರು ನಗರಸಭೆಯಲ್ಲಿ ಕೂತು ಬಂದಿದ್ದರು, ಬಾಪೂಜಿ ವಿದ್ಯಾಸಂಸ್ಥೆಯ ಆಡಳಿತದ ಹೊಣೆ ಹೊತ್ತಿದ್ದರು. 1998ರಲ್ಲಿ ಲೋಕಸಭೆಗೆ ಹೋದರು, ಮರುವರ್ಷವೇ ಸೋತರು, 2004ರಲ್ಲಿ ಮತ್ತೆ ವಿಧಾನಸಭೆಗೆ ಬಂದರು. 2023ರಲ್ಲಿ ದಾವಣಗೆರೆ ದಕ್ಷಿಣದಿಂದ ಗೆದ್ದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಅವರ ರಾಜಕಾರಣವನ್ನು ಒಪ್ಪುವವರೂ ಒಪ್ಪದವರೂ ನಮ್ಮ ಓದುಗರಲ್ಲಿದ್ದಾರೆ, ಆ ಚರ್ಚೆ ಇಲ್ಲಿ ಬೇಡ. ಆದರೆ ಈ ಬದುಕನ್ನು ವ್ಯಾಪಾರಸ್ಥನೊಬ್ಬ ಶಾಸಕನಾದ ಕಥೆಯೆಂದಷ್ಟೇ ಓದಿದರೆ, ನಗರಸಭೆಗೂ ವಿಧಾನಸಭೆಗೂ ನಡುವಿನ ಆ ದೀರ್ಘ ವರ್ಷಗಳು ಕೈಬಿಟ್ಟುಹೋಗುತ್ತವೆ. 2013ರಲ್ಲಿ ಸಚಿವರಾದಾಗ ಅವರಿಗೆ ಸಿಕ್ಕಿದ್ದು ತೋಟಗಾರಿಕೆ ಮತ್ತು ಕೃಷಿ ಮಾರುಕಟ್ಟೆ ಖಾತೆ. ಅಂಗಡಿಯಲ್ಲಿ ಖಾತೆಯೆಂದರೆ ಒಬ್ಬ ಗಿರಾಕಿಯ ಹೆಸರಿನ ಪುಟ; ಸರ್ಕಾರದಲ್ಲಿ ಖಾತೆಯೆಂದರೆ, ಮಂಡಿಯ ಗದ್ದಿಗೆಯ ಮೇಲೆ ಕೂತವನದೂ ಚೀಲ ಹೊತ್ತು ತಂದ ರೈತನದೂ ಚೀಲ ಇಳಿಸುವ ಹಮಾಲನದೂ ಒಟ್ಟಿಗೆ ಬರುವ ಲೆಕ್ಕ. ಪದ ಒಂದೇ ಆದರೂ ಮೊದಲನೆಯದನ್ನು ಬಲ್ಲವನಿಗೆ ಎರಡನೆಯದು ತಾನಾಗಿ ಬರುವುದಿಲ್ಲ.

ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹರೆಯದಲ್ಲಿ ಎರಡು ವರ್ಷ ಇಲ್ಲಿಯ ದಲಾಲಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಯಜಮಾನರು ರಾತ್ರಿ ರೋಕಡಿ ಮುಗಿಸುವಾಗ ನಾಲ್ಕಾಣೆ ತಾಳೆಯಾಗದಿದ್ದರೂ ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯನ್ನು ಚಾಪೆಯ ಮೇಲೆ ಬೋರಲು ಹಾಕಿ, ಬೆಳಗಿನಿಂದ ಬಂದ ಚೀಟಿಗಳನ್ನು ಒಂದೊಂದಾಗಿ ಓದಿಸಿ, ತಪ್ಪು ಸಿಕ್ಕಮೇಲೆಯೇ ದೀಪ ಆರಿಸುತ್ತಿದ್ದರು. ತಾವು ಹೊಗಳುವ ವರ್ತಕನ ಶಿಸ್ತು ಇದೇ, ಅದರ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆಮೇಲೆ ಅವರು ನಗರಸಭೆಯ ಸದಸ್ಯರಾದರು. ಮೊದಲ ತಿಂಗಳು ಓಣಿಯ ನೀರಿನ ಪೈಪು ಒಡೆದಾಗ ತಮ್ಮ ಕೈಯಿಂದ ದುಡ್ಡು ಕೊಟ್ಟು ಸಂಜೆಯೊಳಗೆ ರಿಪೇರಿ ಮಾಡಿಸಿದರು, ಜನ ಕೊಂಡಾಡಿದರು. ಮರುವಾರ ಪಕ್ಕದ ಓಣಿಯವರು ಬಂದರು, ಅದರ ಮರುವಾರ ಮಂಡಕ್ಕಿ ಭಟ್ಟಿಗಳ ಕಡೆಯ ಹೆಂಗಸರು ಖಾಲಿ ಕೊಡ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆಯೇ ಕೂತರು. ಎಲ್ಲರಿಗೂ ಕೈಯಿಂದ ಕೊಡುವುದು ಅಸಾಧ್ಯವಾಗಿತ್ತು. ಅಂದಾಜುಪಟ್ಟಿ, ಮಂಜೂರಾತಿ, ಟೆಂಡರು ಎಂದು ಎರಡು ತಿಂಗಳು ಹಿಡಿಯಿತು. ಆ ದಿನಗಳಲ್ಲಿ ಒಮ್ಮೆ ಅವರು ನನಗೆ ಹೇಳಿದ್ದು ಹೀಗೆ: "ಅಂಗಡೀಲಿ ನಾನು ಇಲ್ಲ ಅಂದ್ರೆ ಗಿರಾಕಿ ಪಕ್ಕದಂಗಡಿಗೆ ಹೋಗ್ತಾನಪ್ಪ. ಇಲ್ಲಿ ಇಲ್ಲ ಅಂದ್ರೆ ಆ ಹೆಣ್ಮಕ್ಕಳು ಎಲ್ಲಿಗೆ ಹೋಗ್ಬೇಕು? ಅವರಿಗೆ ಇನ್ನೊಂದು ನಗರಸಭೆ ಐತೇನು?"

ದಾನಕ್ಕೂ ಆಡಳಿತಕ್ಕೂ ಇರುವ ಅಂತರ ಅಂದು ಅವರಿಗೆ ಕಂಡಿತ್ತು. ಛತ್ರ ಕಟ್ಟಿಸುವವನು ಎಲ್ಲಿ, ಯಾರಿಗೆ, ಎಷ್ಟು ಎಂಬುದನ್ನು ತಾನೇ ನಿರ್ಧರಿಸುತ್ತಾನೆ, ಏಕೆಂದರೆ ಹಣ ಅವನದು. ಶಾಸಕನ ಕೈಯಲ್ಲಿ ಅಂಥ ಹಣವಿಲ್ಲ. ನಮ್ಮ ರಾಜ್ಯದಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿ ಇದೆಯಾದರೂ, ಅವರು ಕಾಮಗಾರಿಯನ್ನು ಸೂಚಿಸಬಹುದೇ ಹೊರತು ಮಂಜೂರು ಮಾಡುವುದು ಜಿಲ್ಲಾಧಿಕಾರಿಯೇ. ಅವರ ನಿಜವಾದ ಕೆಲಸವಿರುವುದು ಮಸೂದೆಯ ಕಲಂಗಳನ್ನು ಓದುವುದರಲ್ಲಿ, ಆಯವ್ಯಯದ ಬೇಡಿಕೆಗಳ ಮೇಲೆ ಮಾತನಾಡುವುದರಲ್ಲಿ, ಸಚಿವರಿಗೆ ಪ್ರಶ್ನೆ ಹಾಕಿ ಉತ್ತರ ಪಡೆಯುವುದರಲ್ಲಿ. 224 ಜನರ ಸಭೆಯಲ್ಲಿ ಒಬ್ಬನಾಗಿ ಕೂತು, ತನ್ನ ಸರದಿಗೆ ಕಾದು, ಸೋಲುವ ವಾದವನ್ನೂ ಮಂಡಿಸಿ ಬರುವ ಈ ಕೆಲಸಕ್ಕೆ, ತನ್ನ ಮಾತೇ ಕೊನೆಯೆಂದು ಮೂವತ್ತು ವರ್ಷ ರೂಢಿಸಿಕೊಂಡ ಮಾಲೀಕನಿಗೆ ಒಗ್ಗಿಕೊಳ್ಳುವುದು ಸುಲಭವಲ್ಲ. ನನ್ನ ಸಂಪಾದಕೀಯದ ಆತಂಕ ಇಷ್ಟೇ ಆಗಿತ್ತು.

ಈಗ ತಮ್ಮ ಸಹೋದರರ ವಿಷಯ. ಅಂಗಡಿ ಮುಚ್ಚಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಇಪ್ಪತ್ತೈದು ವರ್ಷ ತುಂಬಿ, ಮತದಾರರ ಪಟ್ಟಿಯಲ್ಲಿ ಹೆಸರಿದ್ದು, ಬೇರೆ ಅನರ್ಹತೆಗಳಿಲ್ಲದಿದ್ದರೆ 10 ಸಾವಿರ ರೂಪಾಯಿ ಠೇವಣಿಯಿಟ್ಟು ಅವರು ನಾಮಪತ್ರ ಸಲ್ಲಿಸಬಹುದು. ಆದರೆ ವಿದ್ಯಾರ್ಥಿನಿಲಯಗಳಿಗೆ ದಿನಸಿ ಪೂರೈಸುವ ಗುತ್ತಿಗೆಯನ್ನು ತಾವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಇಡೀ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಸಾಲೇ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 9ಎ ಕಲಮಿನ ಪ್ರಕಾರ, ತನ್ನ ವ್ಯಾಪಾರದ ಭಾಗವಾಗಿ ರಾಜ್ಯ ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಕಾಮಗಾರಿ ನಡೆಸುವ ಗುತ್ತಿಗೆ ಜಾರಿಯಲ್ಲಿರುವವರೆಗೆ ಆ ವ್ಯಕ್ತಿ ವಿಧಾನಸಭೆಗೆ ಅನರ್ಹ. ತನ್ನ ಪಾಲಿನ ಪೂರೈಕೆಯನ್ನೆಲ್ಲ ಮುಗಿಸಿ, ಬಿಲ್ಲಿನ ಹಣ ಮಾತ್ರ ಸರ್ಕಾರದಿಂದ ಬಾಕಿಯಿದ್ದರೆ ಆ ಕಾರಣಕ್ಕೆ ಗುತ್ತಿಗೆ ಉಳಿದಿದೆಯೆಂದು ಎಣಿಸುವುದಿಲ್ಲ. ಅಂದರೆ ಬಾಕಿ ಅಡ್ಡಿಯಲ್ಲ, ಮುಗಿಯದ ಪೂರೈಕೆ ಅಡ್ಡಿ. ಗುತ್ತಿಗೆ ಯಾರ ಹೆಸರಿನಲ್ಲಿದೆ, ಪಾಲುದಾರಿಕೆಯ ಪತ್ರದಲ್ಲಿ ಏನಿದೆ ಎಂಬುದನ್ನು ಚುನಾವಣಾ ಕಾನೂನು ಬಲ್ಲ ವಕೀಲರಿಗೆ ಈಗಲೇ ತೋರಿಸಲಿ. ಗೆದ್ದ ಮೇಲೆ ಅಂಥ ಗುತ್ತಿಗೆಗೆ ಕೈಹಾಕಿದರೂ ಸ್ಥಾನಕ್ಕೆ ಕುತ್ತು ಬರುತ್ತದೆ. ಅದನ್ನು ಚುನಾವಣಾ ಆಯೋಗದ ಅಭಿಪ್ರಾಯ ಪಡೆದು, ಅದರಂತೆ ತೀರ್ಮಾನಿಸುವವರು ರಾಜ್ಯಪಾಲರು.

ಇನ್ನು ನಾಮಪತ್ರದ ಜೊತೆಗೆ ಸಲ್ಲಿಸಬೇಕಾದ ನಮೂನೆ 26ರ ಪ್ರಮಾಣಪತ್ರ. ಅಭ್ಯರ್ಥಿಯ ಹಿನ್ನೆಲೆಯನ್ನು ತಿಳಿಯುವುದು ಮತದಾರನ ಹಕ್ಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ ಮೇಲೆ ಬಂದ ಏರ್ಪಾಡು ಇದು. ತಮ್ಮದು, ಪತ್ನಿಯದು, ಅವಲಂಬಿತರದು, ಅವಿಭಕ್ತ ಕುಟುಂಬದ್ದು ಎಂದು ಆಸ್ತಿ ಮತ್ತು ಸಾಲಗಳನ್ನು ಬೇರೆಬೇರೆಯಾಗಿ ಬರೆಯಬೇಕು, ಕಳೆದ ಐದು ವರ್ಷಗಳ ಘೋಷಿತ ಆದಾಯವನ್ನು ತೋರಿಸಬೇಕು. 2018ರ ತೀರ್ಪಿನ ನಂತರ ಆದಾಯದ ಮೂಲವನ್ನೂ ಸರ್ಕಾರದೊಂದಿಗಿನ ಗುತ್ತಿಗೆಗಳನ್ನೂ ನಮೂದಿಸಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಸೆರೆಗೂ ಅವಕಾಶವಿದೆ. ಆರಿಸಿ ಬಂದರೆ ಪ್ರತಿವರ್ಷ ಜೂನ್ 30ರೊಳಗೆ ಲೋಕಾಯುಕ್ತರಿಗೂ ಆಸ್ತಿ ವಿವರ ಸಲ್ಲಬೇಕು. ವರ್ತಕರು ಸಾಮಾನ್ಯವಾಗಿ ಖಾತೆ ಪುಸ್ತಕವನ್ನು ಹೊರಗಿನವರ ಕಣ್ಣಿಗೆ ಬೀಳಗೊಡುವುದಿಲ್ಲ. ಅದನ್ನೇ ಹರಿಹರದಿಂದ ಜಗಳೂರಿನವರೆಗೆ ಯಾರು ಬೇಕಾದರೂ ಓದಬಹುದೆಂಬುದಕ್ಕೆ ತಮ್ಮ ಸಹೋದರರು ಮನಸ್ಸಿನಿಂದ ಸಿದ್ಧರಿದ್ದಾರೆಯೇ ಎಂದು ತಾವೇ ಕೇಳಿ ನೋಡಿ.

ನನ್ನ ಸ್ವಂತ ಸಲಹೆ ಬೇಕೆಂದಿದ್ದೀರಿ. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯಲ್ಲಿ (ಎಪಿಎಂಸಿ) ವರ್ತಕರ ಕ್ಷೇತ್ರವಿದೆ, ಆದರೆ ಅಲ್ಲಿ ಮತ ಹಾಕುವವರು ತಮ್ಮವರೇ. ಅದಕ್ಕಿಂತ ಮಹಾನಗರಪಾಲಿಕೆಯ ಒಂದು ವಾರ್ಡಿಗೆ ನಿಲ್ಲುವುದು ಮೇಲು. ತಮ್ಮೊಡನೆ ಯಾವ ವ್ಯವಹಾರವೂ ಇಲ್ಲದ ಜನರ ಬಾಗಿಲಿಗೆ ಅವರು ಹೋಗಬೇಕಾಗುತ್ತದೆ, ಬೆಳಗಿನ ಐದಕ್ಕೆ ನೀರಿಗಾಗಿ ಬರುವ ಫೋನಿಗೆ ಉತ್ತರಿಸಬೇಕಾಗುತ್ತದೆ. ಸೋತರೆ ಪಕ್ಷದ ಚೀಟಿ ಮತ್ತು ಹಣ ಎಷ್ಟು ದೂರ ನಡೆಸುತ್ತವೆಂದು ತಿಳಿಯುತ್ತದೆ. ವಿಧಾನಸಭೆಯ ಅಭ್ಯರ್ಥಿಗೆ ಆಯೋಗ ನಿಗದಿಪಡಿಸಿರುವ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಅಷ್ಟನ್ನು ತೆಗೆದಿಡುವ ಮೊದಲು ಈ ಪಾಠ ಅಗ್ಗದಲ್ಲಿ ಸಿಗುತ್ತದೆ.

ನಮೂನೆ 26ರ ಖಾಲಿ ಪ್ರತಿಯೊಂದನ್ನೂ, ಕಳೆದ ಚುನಾವಣೆಯಲ್ಲಿ ಜಿಲ್ಲೆಯ ಏಳು ಕ್ಷೇತ್ರಗಳಿಂದ ಗೆದ್ದವರ ಪ್ರಮಾಣಪತ್ರಗಳನ್ನೂ ಕಚೇರಿಯಲ್ಲಿ ತೆಗೆದಿರಿಸಿದ್ದೇನೆ. ಅಮಾವಾಸ್ಯೆಯ ದಿನ ಮಂಡಿಗೆ ರಜೆಯಿದ್ದರೆ ಅಂದು ಸಂಜೆ ಅವರನ್ನು ಕಳುಹಿಸಿಕೊಡಿ, ಗುತ್ತಿಗೆಯ ಕಾಗದಗಳನ್ನೂ ತರಲಿ.

ಸಂಪಾದಕ