ನಲಿ-ಕಲಿ ಕುರಿತು ಪಿಎಚ್.ಡಿ. ಮಾಡಬೇಕೆಂದಿದ್ದೇನೆ, ಸಂಶೋಧನೆಯ ಯೋಜನೆಯನ್ನು ಎಲ್ಲಿಂದ ಆರಂಭಿಸಲಿ?

ನೀವು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು, ಅರೆಕಾಲಿಕ ಸಂಶೋಧನಾರ್ಥಿಯಾಗಿ ಶಿಕ್ಷಣಶಾಸ್ತ್ರ ವಿಭಾಗಕ್ಕೆ ಸೇರಿದ್ದೀರಿ, ‘ಪ್ರಾಥಮಿಕ ಶಾಲಾ ಮಕ್ಕಳ ಕಲಿಕೆಯ ಮೇಲೆ ನಲಿ-ಕಲಿಯ ಪರಿಣಾಮ’ ಎಂಬ ವಿಷಯಕ್ಕೆ ಮೂರು ತಿಂಗಳಲ್ಲಿ ಸಾರಲೇಖ (ಸಂಶೋಧನಾ ಯೋಜನೆಯ ರೂಪರೇಖೆ, ಸಿನಾಪ್ಸಿಸ್) ಕೊಡಬೇಕಾಗಿದೆ ಎಂದು ಬರೆದಿದ್ದೀರಿ. ಮಕ್ಕಳು ಗುಂಪುಗಳಲ್ಲಿ ಕುಳಿತು ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ಇದೇ ಕಾರ್ಯಕ್ರಮದ ಮೇಲೆ ನಾನು ಸಂಶೋಧನೆ ಮಾಡಿದ್ದೇನೆ. ಶೀರ್ಷಿಕೆಯೂ ಹೆಚ್ಚುಕಡಿಮೆ ನಿಮ್ಮದೇ ಆಗಿತ್ತು, ಅದರಿಂದಾಗಿ ಒಂದು ವರ್ಷ ಕಳೆದುಕೊಂಡೆ. ಆದ್ದರಿಂದ ಆ ಶೀರ್ಷಿಕೆಯಿಂದ ‘ಪರಿಣಾಮ’ ಎಂಬ ಪದವನ್ನು ತೆಗೆದುಹಾಕುವುದರಿಂದಲೇ ಆರಂಭಿಸಿ ಎಂದು ಸೂಚಿಸುತ್ತೇನೆ.

ಕಾರಣ ಹೀಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿ ವ್ಯಾಲಿ ಸಂಸ್ಥೆಯ ಗ್ರಾಮೀಣ ಶಾಲೆಗಳ ಪ್ರೇರಣೆ ಮತ್ತು ಯುನಿಸೆಫ್ ನೆರವಿನಿಂದ ಮೊದಲಾದ ನಲಿ-ಕಲಿ, 2009-10ರಿಂದ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಣೆಯಾಯಿತು. ಪರಿಣಾಮವನ್ನು ತೋರಿಸಬೇಕಾದರೆ ನಲಿ-ಕಲಿ ಇಲ್ಲದ, ಉಳಿದೆಲ್ಲ ರೀತಿಯಲ್ಲೂ ಸಮಾನವಾದ ಒಂದು ಗುಂಪು ಬೇಕು. ಅದು ಇಂದು ನಿಮಗೆ ಸಿಗುವುದಿಲ್ಲ. ಖಾಸಗಿ ಶಾಲೆಯ ಮಕ್ಕಳನ್ನು ಹೋಲಿಕೆಗೆ ತೆಗೆದುಕೊಂಡರೆ ನೀವು ಅಳೆಯುವುದು ಮನೆಯ ಆದಾಯವನ್ನೋ, ತಾಯಿಯ ಓದನ್ನೋ, ಬೋಧನಾ ಮಾಧ್ಯಮವನ್ನೋ ಎಂಬುದನ್ನು ಬೇರ್ಪಡಿಸಿ ಹೇಳಲಾಗದು, ಮತ್ತು ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಮೊದಲು ಕೈಯಿಡುವುದೂ ಅಲ್ಲಿಗೇ.

ಆದರೆ ‘ಹೇಗೆ’ ಎಂಬ ಪ್ರಶ್ನೆಗೆ ಒಬ್ಬ ಸಂಶೋಧಕ ಒಂದು ತಾಲ್ಲೂಕಿನ ಐದಾರು ಶಾಲೆಗಳಲ್ಲಿ ಉತ್ತರ ಹುಡುಕಬಹುದು. ಉದಾಹರಣೆಗೆ, ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಒಬ್ಬರೇ ಶಿಕ್ಷಕರಿರುವ ಕೊಠಡಿಯಲ್ಲಿ, ಶಿಕ್ಷಕರು ಒಂದು ತಟ್ಟೆಯ (ನಲಿ-ಕಲಿಯಲ್ಲಿ ಕಲಿಕಾ ಗುಂಪಿನ ಹೆಸರು) ಮಕ್ಕಳಿಗೆ ಕಲಿಸುತ್ತಿರುವಾಗ, ಯಾರ ನೆರವೂ ಇಲ್ಲದೆ ತಾನೇ ಕಲಿಯಬೇಕಾದ ಸ್ವ-ಕಲಿಕೆಯ ತಟ್ಟೆಯಲ್ಲಿರುವ ಮಗು ವಾಸ್ತವವಾಗಿ ಏನು ಮಾಡುತ್ತಿರುತ್ತದೆ? ಕೇಳಲು ಇದು ಸಣ್ಣ ಪ್ರಶ್ನೆ. ಮಗು ತನ್ನ ವೇಗದಲ್ಲಿ ಕಲಿಯುತ್ತದೆ ಎಂಬ ಇಡೀ ಪದ್ಧತಿಯ ಆಧಾರ ನಿಂತಿರುವುದು ಮಾತ್ರ ಇದರ ಮೇಲೆಯೇ.

ಈ ಪ್ರಶ್ನೆಗೆ ನಾನು ಬಂದದ್ದು ತಪ್ಪು ದಾರಿಯಿಂದ. ಮೊದಲು ಪ್ರತಿ ಹೇಳಿಕೆಗೂ ಐದು ಹಂತಗಳಲ್ಲಿ ಒಂದನ್ನು ಗುರುತಿಸುವ ಮಾಪನಿಯ ಪ್ರಶ್ನಾವಳಿಯೊಂದನ್ನು ತಯಾರಿಸಿ, ಮೂವತ್ತು ಶಿಕ್ಷಕರಿಗೆ ಪೂರ್ವಪರೀಕ್ಷೆಗಾಗಿ ಕೊಟ್ಟಿದ್ದೆ. ‘ಮಕ್ಕಳು ತಮ್ಮದೇ ವೇಗದಲ್ಲಿ ಕಲಿಯಲು ಅವಕಾಶ ಕೊಡುತ್ತೇನೆ’ ಎಂಬ ಹೇಳಿಕೆಯ ಮುಂದೆ ಬಹುತೇಕ ಎಲ್ಲರೂ ‘ಯಾವಾಗಲೂ’ ಎಂದು ಗುರುತು ಹಾಕಿದ್ದರು. ಉತ್ತರಗಳು ಎಷ್ಟು ಸ್ಥಿರವಾಗಿವೆ ಎಂದು ತೋರಿಸುವ ವಿಶ್ವಸನೀಯತೆಯ ಗುಣಾಂಕ ಚೆನ್ನಾಗಿಯೇ ಬಂದಿತು, ನಾನೂ ಸಂತೋಷಪಟ್ಟೆ. ಅನಂತರ ಅವರಲ್ಲೇ ಒಬ್ಬರ ಕೊಠಡಿಯಲ್ಲಿ ನಾಲ್ಕು ದಿನ ಹಿಂದೆ ಕುಳಿತೆ. ಮೂರನೆಯ ದಿನ ಎರಡನೇ ತರಗತಿಯ ಹುಡುಗಿಯೊಬ್ಬಳು ತನ್ನ ಕಾರ್ಡಿನ ಕೆಲಸ ಮುಗಿಸಿ ಮೇಡಂ ಕಡೆ ನೋಡಿದಳು. ಅವರು ಬೇರೆ ಗುಂಪಿನಲ್ಲಿದ್ದರು. ಅವಳು ಕಾರ್ಡನ್ನು ಇಟ್ಟು ಬಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಹೋಗಿ ಅದೇ ಕಾರ್ಡನ್ನು ತೆಗೆದುಕೊಂಡು ಬಂದಳು. ಹೀಗೆ ಮೂರು ಸಲ ಆಯಿತು. ಗೋಡೆಯ ಮೇಲಿದ್ದ ಪ್ರಗತಿನೋಟದಲ್ಲಿ (ಪ್ರತಿ ಮಗುವಿನ ಕಲಿಕೆಯನ್ನು ಗುರುತಿಸುವ ಪಟ್ಟಿ) ಮಾತ್ರ ತರಗತಿಯ ಎಲ್ಲ ಮಕ್ಕಳೂ ಒಂದೇ ಮೈಲಿಗಲ್ಲು, ಅಂದರೆ ಕಲಿಕೆಯ ಹಂತ, ತಲುಪಿದ್ದರು, ಏಕೆಂದರೆ ಆ ವಾರ ಸಿಆರ್‌ಪಿ (ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಭೇಟಿ ಇತ್ತು. ಆ ಶಿಕ್ಷಕಿ ಸುಳ್ಳು ಹೇಳಿರಲಿಲ್ಲ. ಇಂಥ ಪ್ರಶ್ನೆಗೆ ಯಾರೇ ಆಗಲಿ ಬೇರೆ ಉತ್ತರ ಬರೆಯಲಾರರು. ತಪ್ಪು ನನ್ನ ಉಪಕರಣದ್ದು. ಐದು ನಿಮಿಷಕ್ಕೊಮ್ಮೆ ಪ್ರತಿ ತಟ್ಟೆಯಲ್ಲಿ ನಡೆಯುತ್ತಿರುವುದನ್ನು ದಾಖಲಿಸುವ ಅವಲೋಕನ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸಿದೆ.

ಪ್ರಶ್ನೆ ಗಟ್ಟಿಯಾದ ಮೇಲೆ ವೇಳಾಪಟ್ಟಿಯನ್ನು ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಹಾಕದೆ, ಶಾಲೆಯ ಲೆಕ್ಕದಲ್ಲಿ ಹಾಕಿ. ಮೇ ಕೊನೆಯಲ್ಲಿ ಶಾಲೆ ತೆರೆದರೂ ಜೂನ್ ತಿಂಗಳು ದಾಖಲಾತಿ, ಸೇತುಬಂಧಗಳಲ್ಲಿ (ಹಿಂದಿನ ತರಗತಿಯ ಕಲಿಕೆಯ ಪುನರಾವರ್ತನೆ) ಕಳೆಯುತ್ತದೆ. ಅಕ್ಟೋಬರಿನಲ್ಲಿ ದಸರಾ ರಜೆ. ಫೆಬ್ರವರಿಯ ನಂತರ ಪರೀಕ್ಷೆಯ ಗಾಳಿ. ಕ್ಷೇತ್ರಕಾರ್ಯಕ್ಕೆ ನಿಜವಾಗಿ ಸಿಗುವುದು ಜುಲೈಯಿಂದ ಸೆಪ್ಟೆಂಬರ್ ಮತ್ತು ನವೆಂಬರಿನಿಂದ ಜನವರಿ ಮಾತ್ರ, ಅದರಲ್ಲೂ ನಿಮ್ಮದೇ ತರಗತಿಗಳು ಅದೇ ತಿಂಗಳುಗಳಲ್ಲಿರುತ್ತವೆ. ಇದರ ಮೇಲೆ ಚುನಾವಣೆ, ಗಣತಿಗಳ ಕೆಲಸವಿದೆ: 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದ್ದನ್ನು ನೀವೂ ಕಂಡಿದ್ದೀರಿ. ಆದ್ದರಿಂದ ದತ್ತಾಂಶ ಸಂಗ್ರಹಕ್ಕೆ ಒಂದು ಶೈಕ್ಷಣಿಕ ವರ್ಷ ಎಂದು ಸಾರಲೇಖದಲ್ಲಿ ಬರೆಯುವವರು ಮನಸ್ಸಿನಲ್ಲಿ ಎರಡು ಎಂದು ಇಟ್ಟುಕೊಳ್ಳುವುದು ಕ್ಷೇಮ.

ನಿಯಮಗಳು ಅದಕ್ಕೆ ಅವಕಾಶ ಕೊಡುತ್ತವೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿಯಂತೆ ಆರಂಭದ ಪಾಠಗಳಾದ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ ದೊರೆಯಬಹುದು. ಅರೆಕಾಲಿಕರಿಗೆ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಶಾಲಾ ಭೇಟಿಗೆ ಇಲಾಖೆಯ ಉಪನಿರ್ದೇಶಕರ ಮತ್ತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಲಿಖಿತ ಅನುಮತಿಯನ್ನೂ, ಮಕ್ಕಳನ್ನು ಅವಲೋಕಿಸಲು ಪೋಷಕರ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ.

ಪೂರ್ವ ಅಧ್ಯಯನಗಳಿಗೆ ಪಿಎಚ್.ಡಿ. ಮಹಾಪ್ರಬಂಧಗಳ ಜಾಲತಾಣವಾದ ಶೋಧಗಂಗಾವನ್ನು ನೋಡಿ. ಆದರೆ ಮಹಾಪ್ರಬಂಧದ ಸಾರಾಂಶಕ್ಕಿಂತ ಅನುಬಂಧದಲ್ಲಿರುವ ಉಪಕರಣವನ್ನು ಮೊದಲು ಓದಿ, ಅಲ್ಲಿ ಕೇಳಿದ ಪ್ರಶ್ನೆಗೆ ಆ ತೀರ್ಮಾನ ಬರಲು ಸಾಧ್ಯವೇ ಎಂದು ಪರೀಕ್ಷಿಸಿ. ಲಿಂಗ, ಗ್ರಾಮ-ನಗರ, ಆಡಳಿತ ಮಾದರಿ ಎಂದು ಮೂರು ಚರಾಂಶಗಳನ್ನಿಟ್ಟು ಹನ್ನೆರಡು ಶೂನ್ಯ ಪ್ರಾಕ್ಕಲ್ಪನೆಗಳನ್ನು (‘ಗುಂಪುಗಳ ನಡುವೆ ವ್ಯತ್ಯಾಸವಿಲ್ಲ’ ಎಂಬ ಊಹೆಗಳು) ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ-ಪರೀಕ್ಷೆಗೆ ಒಡ್ಡುವ ರೂಢಿ ನಮ್ಮ ವಿಭಾಗಗಳಲ್ಲಿ ಬೇರೂರಿದೆ. ನಿಮ್ಮ ಪ್ರಶ್ನೆಗೆ ಅವು ಬೇಕಿಲ್ಲವಾದರೆ ಮಾರ್ಗದರ್ಶಕರಿಗೆ ವಿನಯದಿಂದ, ಆದರೆ ಕಾರಣಸಮೇತ ಹೇಳಿ. ನನ್ನ ಮಾರ್ಗದರ್ಶಕರು ಮೊದಲು ಒಪ್ಪಲಿಲ್ಲ, ನಾಲ್ಕು ದಿನದ ಟಿಪ್ಪಣಿ ಪುಸ್ತಕವನ್ನು ಓದಿದ ಮೇಲೆ ಒಪ್ಪಿದರು.

ಹಾಗಾಗಿ ಸಾರಲೇಖ ಬರೆಯಲು ಕೂರುವ ಮುನ್ನ ನಿಮ್ಮ ಕ್ಲಸ್ಟರಿನ ಎರಡು ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಅನುಮತಿ ಪಡೆದು ಎರಡೆರಡು ದಿನ ಕುಳಿತು ಬನ್ನಿ. ಪ್ರಶ್ನಾವಳಿ ಒಯ್ಯಬೇಡಿ. ಪ್ರೌಢಶಾಲೆಯಿಂದ ಬಂದವರನ್ನು ತಪಾಸಣೆಗೆ ಬಂದವರೆಂದೇ ಭಾವಿಸುವುದುಂಟು, ಆದ್ದರಿಂದ ಮೊದಲ ದಿನ ಟಿಪ್ಪಣಿ ಪುಸ್ತಕವನ್ನೂ ಚೀಲದಲ್ಲೇ ಬಿಟ್ಟು, ಮಕ್ಕಳ ಜೊತೆ ನೆಲದ ಮೇಲೆ ಕುಳಿತುಕೊಳ್ಳಿ.