ಕೂಸನ್ನ ಯಾರ ಹತ್ತಿರ ಬಿಡೋದು?

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ವಿಷಯ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕ, ನಾನು ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕೆ ಹೋಗುತ್ತೇನೆ. ಬೆಳಿಗ್ಗೆ 10ಕ್ಕೆ ಹೋದರೆ ರಾತ್ರಿ 9. ಸಂಬಳ 11,000. ಮಗನಿಗೆ ಒಂದೂವರೆ ವರ್ಷ. ಅತ್ತೆಗೆ ಮಂಡಿನೋವು, ಅವನ ಹಿಂದೆ ಓಡೋಕೆ ಆಗಲ್ಲ. ಡೇ ಕೇರ್‌ನವರು ತಿಂಗಳಿಗೆ 4,500 ಕೇಳುತ್ತಾರೆ, ಸಂಜೆ 6ಕ್ಕೇ ಬಾಗಿಲು ಹಾಕುತ್ತಾರೆ. ಸರ್ಕಾರದ್ದು ಏನೂ ಇಲ್ವಾ?
– ಒಬ್ಬ ತಾಯಿ, ನಿಟುವಳ್ಳಿ, ದಾವಣಗೆರೆ

ಉತ್ತರ: ಇದೆ ತಂಗಿ. ನಿಮಗೆ ಎಷ್ಟು ಉಪಯೋಗಕ್ಕೆ ಬರುತ್ತೆ ಅನ್ನೋದು ಬೇರೆ ಮಾತು. ಅಂಗನವಾಡಿಗೆ ಮೂರು ವರ್ಷ ತುಂಬಿದ ಮೇಲೆ ಸೇರಿಸಬಹುದು. ಅದಕ್ಕಿಂತ ಚಿಕ್ಕವರಿಗೂ ಕೇಂದ್ರದ ಪಾಲನಾ ಯೋಜನೆ ಇದೆ, 2022ರಲ್ಲಿ ಹೆಂಗಸರಿಗಾಗಿ ಇರುವ ಕೇಂದ್ರದ ಮಿಷನ್ ಶಕ್ತಿಯೊಳಗೆ ಸೇರಿಸಿದ್ದು. ಅಂಗನವಾಡಿಗೇ ಶಿಶುವಿಹಾರ ಜೋಡಿಸುವುದು ಇದರಲ್ಲಿ ಮುಖ್ಯ. 6 ತಿಂಗಳಿಂದ 6 ವರ್ಷದ ಮಕ್ಕಳನ್ನು ತಗೋಬಹುದು. ನಿಮ್ಮ ಹತ್ತಿರ ಅಂಥದ್ದು ಇದೆಯಾ ಅಂತ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಆದರೆ ಲೆಕ್ಕ ನೋಡಿ: ಅದು ತೆರೆದಿರೋದು ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ತಾಸು. ನಿಮ್ಮ ಅಂಗಡಿ ಹನ್ನೊಂದು ತಾಸು. ಉಳಿದ ಮೂರೂವರೆ ತಾಸು, ಅದರ ಮೇಲೆ ಬಸ್ಸಿನ ಹೊತ್ತು, ಅಷ್ಟಕ್ಕೂ ಮಗು ಎಲ್ಲಿರಬೇಕು? ಹೆಂಗಸರಿಗೆ ಬಸ್ ಉಚಿತ ಮಾಡಿದ ರಾಜ್ಯದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಉಳಿಯಿತು, ಹೊತ್ತು ಉಳಿಯಲಿಲ್ಲ.

ಸದ್ಯಕ್ಕೆ ಒಂದು ದಾರಿ. ಹಗಲಿಗೆ ಆ ಶಿಶುವಿಹಾರ ಸಿಕ್ಕರೆ, ಸಂಜೆಯ ಹೊತ್ತಿಗೆ ಮಾತ್ರ ಬೀದಿಯಲ್ಲೇ ಯಾರಾದರೂ ನಂಬಿಕೆಯವರನ್ನು ಗೊತ್ತು ಮಾಡಿಕೊಳ್ಳಿ. ಅತ್ತೆಯವರು ಅಲ್ಲೇ ಕೂತು ಕಣ್ಣಿಟ್ಟಿರಲಿ, ಓಡುವ ಕೆಲಸ ಆ ಗೊತ್ತು ಮಾಡಿಕೊಂಡವರು ಮಾಡಲಿ. ಇಡೀ ದಿನದ ಡೇ ಕೇರ್‌ಗಿಂತ ಇದಕ್ಕೆ ದುಡ್ಡು ಕಡಿಮೆ.

ಪ್ರಶ್ನೆ: ನಮ್ಮ ಪಂಚಾಯ್ತಿಯಲ್ಲಿ ಕೂಸಿನ ಮನೆ ಅಂತ ಶಿಶುವಿಹಾರ ಶುರು ಮಾಡಿದರು. ಗೋಡೆ ಮೇಲೆ ಆನೆ, ನವಿಲು ಎಲ್ಲ ಬರೆದಿದ್ದಾರೆ, ಬಾಗಿಲಿಗೆ ಬೀಗ. ಉದ್ಯೋಗ ಖಾತ್ರಿ ಕೆಲಸದವರ ಮಕ್ಕಳಿಗೆ ಮಾತ್ರನಾ ಇದು?
– ಹೊಳಲ್ಕೆರೆ ತಾಲ್ಲೂಕಿನಿಂದ

ಉತ್ತರ: ಅಲ್ಲ. ಹಳ್ಳಿಯಲ್ಲಿ ದುಡಿಯಲು ಹೋಗುವ ಬೇರೆ ತಾಯಂದಿರ ಮಕ್ಕಳಿಗೂ ಇದೆ, ಮೂರು ವರ್ಷದೊಳಗಿನವರಿಗೆ. 2023ರ ರಾಜ್ಯ ಬಜೆಟ್‌ನಲ್ಲಿ 4,000 ಪಂಚಾಯ್ತಿಗಳಲ್ಲಿ ತೆರೆಯುತ್ತೇವೆ ಅಂದಿದ್ದರು. ಬೀಗದ ವಿಷಯ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಬರೆದುಕೊಡಿ, ಮಹಿಳಾ ಗ್ರಾಮಸಭೆಯಲ್ಲೂ ಎತ್ತಿ.

ಇಲ್ಲಿ ನನ್ನದೊಂದು ತಕರಾರಿದೆ. ಯೋಜನೆ ಮಾಡಿದಾಗ ಆರೈಕೆ ಮಾಡುವ ಹೆಂಗಸರಿಗೆ ಖಾತ್ರಿ ಕೂಲಿಯನ್ನೇ ಕೊಡೋದು ಅಂತ ಇಟ್ಟರು, ಒಬ್ಬೊಬ್ಬರಿಗೆ 100 ದಿನ, ಆಮೇಲೆ ಸರದಿಯಲ್ಲಿ ಇನ್ನೊಬ್ಬರು. ಕೂಲಿ ಲೆಕ್ಕಕ್ಕೆ ಇದು ಸರಿ ಇರಬಹುದು, ಆದರೆ ಒಂದು ವರ್ಷದ ಕೂಸು ಒಬ್ಬರ ಸೊಂಟಕ್ಕೆ ಒಗ್ಗಿಕೊಳ್ಳೋಕೇ ತಿಂಗಳು ಬೇಕು, ಇನ್ನೇನು ಒಗ್ಗಿತು ಅನ್ನುವಾಗ ಹೊಸ ಮುಖ. ಆಗ ಅಳುತ್ತೆ, ತಾಯಿ ಬಂದು ಕರ್ಕೊಂಡು ಹೋಗ್ತಾಳೆ. ನಾಲ್ಕು ಮಕ್ಕಳು ಹಾಗೆ ಹೋದರೆ ಬೀಗ ಬೀಳದೆ ಇರುತ್ತಾ?

ಪ್ರಶ್ನೆ: ನನ್ನ ಹೆಂಡತಿ ಹೊಲಿಗೆ ಫ್ಯಾಕ್ಟರಿಯಲ್ಲಿದ್ದಾಳೆ. ಒಟ್ಟು 60 ಜನ, ಹೆಂಗಸರು 22. ಹೆಂಗಸರು 30 ದಾಟಿಲ್ಲ, ಶಿಶುವಿಹಾರ ಬೇಕಿಲ್ಲ ಅಂತಾರೆ ಮಾಲೀಕರು. ಹೌದಾ?
– ಒಬ್ಬ ತಂದೆ, ಹರಿಹರ

ಉತ್ತರ: ಅವರು 1948ರ ಕಾರ್ಖಾನೆ ಕಾಯ್ದೆಯ ಲೆಕ್ಕ ಹೇಳುತ್ತಿದ್ದಾರೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆಯಿತು. 50 ಅಥವಾ ಹೆಚ್ಚು ಕೆಲಸಗಾರರಿದ್ದರೆ ಶಿಶುವಿಹಾರ ಇರಲೇಬೇಕು, ಗಂಡಸರು ಹೆಂಗಸರು ಎಲ್ಲ ಸೇರಿಸಿ ಎಣಿಕೆ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಬಹುದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ 50 ಅನ್ನೋದು ಹಾಗೇ ಇದೆ. ಒಬ್ಬರಿಗೇ ಭಾರವಾದರೆ ಅಕ್ಕಪಕ್ಕದ ಫ್ಯಾಕ್ಟರಿಗಳು ಸೇರಿ ಒಂದು ಮಾಡಿಕೊಳ್ಳಲೂ ಅವಕಾಶವಿದೆ. ಮಾಲೀಕರಿಗೆ ಇದನ್ನೂ ಹೇಳಿ. ಹೆದರಿಸಿದರೆ ಮುಂದಿನ ಸಲ ಮಗು ಇರುವ ಹೆಂಗಸರನ್ನು ಕೆಲಸಕ್ಕೇ ತಗೊಳ್ಳದೆ ಹೋಗಬಹುದು. ಅಂದಹಾಗೆ, ಈ ಪತ್ರಗಳ ಕಟ್ಟಿನಲ್ಲಿ ಗಂಡಸರು ಬರೆದದ್ದು ನಿಮ್ಮದೊಂದೇ.

ಪ್ರಶ್ನೆ: ನಾನು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡ್ತೀನಿ. ಬೆಳಗಿನ ಜಾವ 4ಕ್ಕೆ ಹೋಗಬೇಕು. ಬಿಡೋಕೆ ಯಾರೂ ಇಲ್ಲ, ಮಗೂನ ಅಲ್ಲೇ ಚೀಲದ ಮೇಲೆ ಮಲಗಿಸ್ತೀನಿ. ಹೊಗೆಗೆ ಕೆಮ್ಮು ನಿಲ್ಲಲ್ಲ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಕೆಮ್ಮಿಗೆ ಡಾಕ್ಟರಿಗೆ ತೋರಿಸಿ, ಇದನ್ನು ಮುಂದೂಡಬೇಡಿ. ಜಾವ 4ಕ್ಕೆ ತೆರೆದಿರುವ ಸರ್ಕಾರಿ ಶಿಶುವಿಹಾರ ಇಲ್ಲಿ ನಾನು ಕಂಡಿಲ್ಲ. ಆದರೆ ಮೊದಲ ಉತ್ತರದಲ್ಲಿ ನಾನು ಹೇಳಿದ ಆ ಏಳೂವರೆ ತಾಸಿನ ನಿಯಮದ ಜೊತೆಗೇ ಇನ್ನೊಂದು ಮಾತಿದೆ: ಸುತ್ತಮುತ್ತಲಿನ ಹೆಚ್ಚಿನ ತಾಯಂದಿರ ಕೆಲಸದ ವೇಳೆ ನೋಡಿ ಹೊತ್ತು ಗೊತ್ತು ಮಾಡಬೇಕು. ಕೇಂದ್ರದ ಶಿಶುವಿಹಾರ ಯೋಜನೆಯಲ್ಲೇ ಬರೆದಿರುವ ಮಾತಿದು. ನಾನು ಕಂಡಂತೆ ಇಲ್ಲಿ ಯಾರೂ ಕೇಳಿಲ್ಲ, ಹಾಗಾಗಿ ಯಾರೂ ಮಾಡಿಲ್ಲ. ಭಟ್ಟಿ ಸಾಲಿನಲ್ಲಿ ಚಿಕ್ಕ ಮಕ್ಕಳಿರುವ ತಾಯಂದಿರೆಲ್ಲ ಸೇರಿ ಸಿಡಿಪಿಒ ಕಚೇರಿಗೆ ಒಂದೇ ಅರ್ಜಿ ಬರೆಯಿರಿ. ಸುಮ್ನೆ ಶಿಶುವಿಹಾರ ಬೇಕು ಅಂತ ಬರೆಯಬೇಡಿ. ಜಾವ 4ಕ್ಕೆ ಬಾಗಿಲು ತೆಗೆಯುವ ಶಿಶುವಿಹಾರ ಬೇಕು ಅಂತ ಬರೆಯಿರಿ, ಕೆಳಗೆ ಎಲ್ಲರ ಸಹಿ, ಪಕ್ಕದಲ್ಲಿ ಅವರವರ ಮಕ್ಕಳ ವಯಸ್ಸು. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಎದ್ದು ಬರಬೇಡಿ.