ಮಾರ್ಕೆಟಿಂಗ್ ಪೂರ್ತಿ ಎಐಗೆ ಬಿಟ್ಟು, ದಿನಕ್ಕೆ ಹತ್ತು ನಿಮಿಷ ನಾನು ಚೆಕ್ ಮಾಡಿದರೆ ಸಾಕಾ? ಯಾವ ಟೂಲ್ ಒಳ್ಳೇದು?

ಈ ಹತ್ತು ನಿಮಿಷದ ಲೆಕ್ಕ ನಾನೂ ಹಾಕಿದ್ದೆ. ಟೂಲ್ ವಿಷಯ ಆಮೇಲೆ, ಮೊದಲು ನನ್ನ ಕಥೆ ಕೇಳಿ.

ದಾವಣಗೆರೆಯ ವಿದ್ಯಾನಗರದ ಕಡೆ ನನ್ನದೊಂದು ಗಾಣದ ಎಣ್ಣೆ ಅಂಗಡಿ ಇದೆ. ಮರದ ಗಾಣ, ಮೋಟಾರಿನಲ್ಲಿ ತಿರುಗುತ್ತದೆ. ಶೇಂಗಾ ಚಳ್ಳಕೆರೆ ಕಡೆಯಿಂದ ತರಿಸುತ್ತೇನೆ. (ಎಣ್ಣೆ ನಗರ ಅಂತಲೇ ಹೆಸರಾದ ಊರಿಂದ ಬೀಜ ತಂದು ಇಲ್ಲಿ ಎಣ್ಣೆ ತೆಗೆಯೋದು, ತಮಾಷೆ ಅಲ್ವಾ.) ಗಿರಾಕಿಗಳು ಜಾಸ್ತಿ ಸುತ್ತಮುತ್ತಲ ಮನೆಯವರು, ಜೊತೆಗೆ ಕಾಲೇಜು ಹುಡುಗರ ಎರಡು ಮೆಸ್. ಮೊದಲೆಲ್ಲ ನನ್ನ ಮಾರ್ಕೆಟಿಂಗ್ ಅಂದರೆ ಒಂದು ಫೋಟೋ, ಕೆಳಗೆ "ತಾಜಾ ಶೇಂಗಾ ಎಣ್ಣೆ ಬಂದಿದೆ" ಅನ್ನೋ ಸಾಲು, ಅಷ್ಟೇ.

ಅಕ್ಕನ ಮಗ ಬಂದು ಚಾಟ್‌ಜಿಪಿಟಿ ತೋರಿಸಿದ. "ಗಾಣದ ಎಣ್ಣೆ ಬಗ್ಗೆ ಒಂದು ತಿಂಗಳ ಪೋಸ್ಟ್ ಬರಿ, ಆರೋಗ್ಯಕ್ಕೆ ಒತ್ತು ಕೊಡು, ಓದಿದ ಕೂಡಲೇ ಜನ ಕೊಳ್ಳಬೇಕು" ಅಂತ ಟೈಪ್ ಮಾಡಿದೆವು. ಟೀ ಆರೋ ಮೊದಲೇ ಮೂವತ್ತು ಪೋಸ್ಟ್ ರೆಡಿ. ಕನ್ನಡವೂ ಪರವಾಗಿಲ್ಲ. ಎಲ್ಲವನ್ನೂ ಎಕ್ಸೆಲ್ ಥರದ ಒಂದು ಶೀಟ್‌ಗೆ ಹಾಕಿದ. ತಾರೀಖು, ಬರಹ, ಕೊನೆಗೆ "ಓಕೆ" ಅಂತ ಒಂದು ಕಾಲಂ. ಆ ಕಾಲಂ ನನ್ನದೇ ಐಡಿಯಾ. ಮನುಷ್ಯ ನೋಡದೆ ಒಂದಕ್ಷರವೂ ಹೊರಗೆ ಹೋಗಬಾರದು ಅಂತ ದೊಡ್ಡದಾಗಿ ಹೇಳಿದ್ದೆ. ನಾನು ಓಕೆ ಹಾಕಿದ್ದನ್ನು ಮಾತ್ರ ಅಂಗಡಿ ಹುಡುಗ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಕು.

ನನ್ನ ತಪ್ಪು ಇಲ್ಲಿದೆ. ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರಾಗಬೇಡಿ. ರಾತ್ರಿ ಒಂಬತ್ತೂವರೆ, ಶಟರ್ ಅರ್ಧ ಎಳೆದಿದ್ದೆ, ಕೈಯೆಲ್ಲ ಎಣ್ಣೆ. ಮೊದಲನೇ ಪೋಸ್ಟ್ ನಿಧಾನವಾಗಿ ಓದಿದೆ, ಚೆನ್ನಾಗಿತ್ತು, ಓಕೆ. ಎರಡನೇದು, ಮೂರನೇದು, ನಾಲ್ಕನೇದೂ ಹಾಗೇ. ಐದನೇದಕ್ಕೆ ಬರುವಷ್ಟರಲ್ಲಿ ಕಣ್ಣು ಸಾಲಿನ ಮೇಲೆ ಜಾರುತ್ತಿತ್ತು, ತಲೆಗೆ ಏನೂ ಹೋಗುತ್ತಿರಲಿಲ್ಲ. ನಾಲ್ಕು ಚೆನ್ನಾಗಿದ್ದರೆ ಉಳಿದವೂ ಚೆನ್ನಾಗಿರುತ್ತವೆ ಅನ್ನಿಸಿಬಿಟ್ಟಿತು. ಶೇಂಗಾ ಮೂಟೆ ಬಂದಾಗ ನಾನು ಯಾವತ್ತೂ ಹೀಗೆ ಮಾಡಲ್ಲ, ಮೂಟೆ ಮೂಟೆಗೂ ಕೈ ಹಾಕಿ ತಳದಿಂದ ಬೀಜ ತೆಗೆದು ಬಾಯಿಗೆ ಹಾಕಿಕೊಂಡು ನೋಡ್ತೀನಿ. ಇಲ್ಲಿ ಮಾತ್ರ ಓಕೆ ಅಂತ ಇದ್ದ ಖಾನೆಯ ಮೂಲೆ ಹಿಡಿದು ಮೂವತ್ತನೇ ಸಾಲಿನವರೆಗೆ ಸರ್ರ್ ಅಂತ ಕೆಳಗೆ ಎಳೆದೆ. ಇಪ್ಪತ್ತಾರು ಓಕೆ ಒಂದೇ ಸಲಕ್ಕೆ. ದಾಖಲೆ ನೋಡಿದರೆ ಮೂವತ್ತಕ್ಕೆ ಮೂವತ್ತನ್ನೂ ಮನುಷ್ಯ ಪರಿಶೀಲಿಸಿದ್ದಾನೆ!

ಹತ್ತೊಂಬತ್ತನೇ ಪೋಸ್ಟ್ ಹೀಗಿತ್ತು: "ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ಗಾಣದ ಶೇಂಗಾ ಎಣ್ಣೆ. ಮೂರೇ ತಿಂಗಳಲ್ಲಿ ಸಕ್ಕರೆ ಕಾಯಿಲೆಗೆ ವಿದಾಯ!"

ನಮ್ಮ ಬೀದಿಯಲ್ಲೊಬ್ಬರು ರಿಟೈರ್ಡ್ ಮೇಷ್ಟ್ರು ಇದ್ದಾರೆ. ಆ ಪೋಸ್ಟ್ ಹೋದ ನಾಲ್ಕು ದಿನಕ್ಕೆ ಕೌಂಟರ್ ಮುಂದೆ ನಿಂತು, ಕನ್ನಡಕ ಹಣೆಗೆ ಏರಿಸಿ, ಫೋನ್ ನನ್ನ ಮುಖಕ್ಕೆ ಹಿಡಿದರು. "ಇದು ಹೌದೇನಪ್ಪಾ? ನಾನು ಮಾತ್ರೆ ಬಿಟ್ಟು ಮೂರು ದಿನ ಆತು." ನನ್ನ ಕೈಕಾಲು ತಣ್ಣಗಾದವು. ಅಂಗಡಿ ಹುಡುಗನಿಗೆ ಬಿಟ್ಟು ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಅವರ ಡಾಕ್ಟರ್ ಹತ್ತಿರ ಹೋದೆ. ಶುಗರ್ ಏರಿತ್ತು, ದೊಡ್ಡ ಅನಾಹುತ ಏನೂ ಆಗಲಿಲ್ಲ.

ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಗೊತ್ತಲ್ಲ, ಒಂದು ಲಿಸ್ಟಿಗೆ 256 ಜನ, ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಅಂದರೆ ನಮ್ಮನ್ನು ನಂಬಿದವರಿಗೇ ಮೊದಲು ಸುಳ್ಳು ಹೋಗಿತ್ತು. ಸ್ಕ್ರೀನ್‌ಶಾಟ್ ಅಷ್ಟರಲ್ಲಿ ಎಲ್ಲೆಲ್ಲೋ ಓಡಾಡಿತ್ತು. ವಾರಕ್ಕೆ ನಾಲ್ಕು ಡಬ್ಬ ಒಯ್ಯುತ್ತಿದ್ದ ಮೆಸ್ಸಿನವರು ನಿಲ್ಲಿಸಿದರು. "ಅಣ್ಣಾ, ಎಣ್ಣೆ ಚೆನ್ನಾಗೇ ಐತಿ. ಆದರೆ ಬಾಯಲ್ಲೇ ಇಷ್ಟು ಬೆರಕೆ ಮಾಡೋರು ಎಣ್ಣೆಗೆ ಏನು ಬೆರೆಸ್ತಾರೋ ಅಂತ ಹುಡುಗ್ರು ನಗ್ತಾರೆ" ಅಂದರು. ಇವತ್ತಿಗೂ ಅವರು ವಾಪಸ್ ಬಂದಿಲ್ಲ.

ಆಡಿಟರ್ ಬೇರೆ ಬೈದರು. ಆಹಾರ ಸುರಕ್ಷತೆ ಕಾಯ್ದೆ 2006ರ 53ನೇ ಸೆಕ್ಷನ್ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆಯಂತೆ. ಒಂದು ಆಹಾರ ಇಂಥ ಕಾಯಿಲೆ ವಾಸಿ ಮಾಡುತ್ತದೆ ಅನ್ನೋ ಹಾಗಿಲ್ಲ ಅಂತ 2018ರ ಜಾಹೀರಾತು ನಿಯಮಗಳಲ್ಲೂ ಇದೆ. "ಎಐ ಬರೆದದ್ದು ಸಾರ್" ಅಂದೆ. ಓಕೆ ಹಾಕಿದ್ದು ಯಾರು ಅಂತ ಕೇಳಿದರು. ಕೆನಡಾದಲ್ಲೂ ಇದೇ ಕಥೆ ಆಗಿದೆ. ಏರ್ ಕೆನಡಾ ಅನ್ನೋ ವಿಮಾನ ಕಂಪನಿಯ ಚಾಟ್‌ಬಾಟ್ ಒಬ್ಬ ಪ್ರಯಾಣಿಕನಿಗೆ ಟಿಕೆಟ್ ರಿಯಾಯಿತಿ ಬಗ್ಗೆ ತಪ್ಪು ಹೇಳಿತು. ಚಾಟ್‌ಬಾಟ್ ಮಾತಿಗೆ ಚಾಟ್‌ಬಾಟೇ ಹೊಣೆ, ನಾವಲ್ಲ ಅನ್ನೋ ಥರ ಕಂಪನಿ ವಾದ ಮಾಡಿತು. 2024ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ ಅದನ್ನು ಒಪ್ಪದೆ ಕಂಪನಿಯಿಂದಲೇ ದುಡ್ಡು ಕೊಡಿಸಿತು.

ಎಐ ಮೇಲೆ ನನಗೆ ಸಿಟ್ಟೇನಿಲ್ಲ. ಗಾಣದ ಎಣ್ಣೆ ಅಂದ ಕೂಡಲೇ ಇಂಟರ್‌ನೆಟ್ಟಿನಲ್ಲಿ ಏನೇನು ಸಿಗುತ್ತದೆ ನೀವೇ ನೋಡಿ, ಅರ್ಧಕ್ಕರ್ಧ ಇಂಥವೇ. ಅದನ್ನೇ ಓದಿ ಕಲಿತದ್ದು ಅದನ್ನೇ ನೀಟಾಗಿ ವಾಪಸ್ ಕೊಟ್ಟಿತು. ಆರೋಗ್ಯಕ್ಕೆ ಒತ್ತು ಕೊಡು ಅಂತ ಹೇಳಿದವನೂ ನಾನೇ.

ಅದಕ್ಕೇ ನಿಮ್ಮ ಪ್ರಶ್ನೆಯೇ ಉಲ್ಟಾ ಇದೆ ಅಂತೀನಿ. ಎಐ ಮೊದಲು ಬರೆದು ನೀವು ಕೊನೆಯಲ್ಲಿ ಚೆಕ್ ಮಾಡೋದು ಅಂದರೆ, ದಿನವಿಡೀ ದುಡಿದು ಸುಸ್ತಾದವನ ಕೈಗೆ ಓಕೆ ಬಟನ್ ಕೊಟ್ಟ ಹಾಗೆ. ಹತ್ತು ನಿಮಿಷ ಆಗಲಿ, ಒಂದು ಗಂಟೆ ಆಗಲಿ, ಎಲ್ಲ ಚೆನ್ನಾಗೇ ಕಂಡಾಗ ನೀವೂ ಕೆಳಗೆ ಎಳೆದೇ ಎಳೀತೀರಿ. ಈಗ ನಾನು ಮೊದಲು ಮಾತಾಡ್ತೀನಿ. ಬೆಳಿಗ್ಗೆ ಗಾಣ ತಿರುಗುವಾಗ ಪಕ್ಕದಲ್ಲಿ ನಿಂತು ಎರಡು ನಿಮಿಷ ಫೋನಿಗೆ ಹೇಳ್ತೀನಿ: ಇವತ್ತು ಎಂಥ ಬೀಜ ಬಂತು, ಒಂದು ಲೀಟರಿಗೆ ಹೆಚ್ಚೂಕಮ್ಮಿ ಎರಡೂವರೆ ಕೆಜಿ ಬೀಜ ಹೋಗುತ್ತದೆ, ಅದಕ್ಕೇ ರೇಟು ಜಾಸ್ತಿ, ಉಳಿದ ಹಿಂಡಿ ಯಾರ ಮನೆ ಎಮ್ಮೆಗೆ ಹೋಗುತ್ತದೆ. ಅದನ್ನು ಚಿಕ್ಕದು ಮಾಡಿ, ತಪ್ಪು ತಿದ್ದು ಅಂತ ಎಐಗೆ ಕೊಡ್ತೀನಿ. ರೇಟು, ತಾರೀಖು ನಾನೇ ಹಾಕ್ತೀನಿ. ಕಾಯಿಲೆ ಹೆಸರು ಬಂದರೆ ಆ ಸಾಲೇ ಕಿತ್ತು ಹಾಕೋದು. ವಾರಕ್ಕೆ ಎರಡೇ ಪೋಸ್ಟ್, ಯಾಕೆಂದರೆ ನಿಜವಾಗಿ ಓದೋಕೆ ಆಗೋದು ಅಷ್ಟೇ. ಕೊನೆಗೆ ನನ್ನ ಹೆಂಡತಿ ಅದನ್ನು ಜೋರಾಗಿ ಓದ್ತಾಳೆ. "ರೀ, ಇದನ್ನ ಗಿರಾಕಿ ಮುಖ ನೋಡ್ಕೊಂಡು ಹೇಳ್ತೀರಾ?" ಅಂತ ಕೇಳ್ತಾಳೆ. ಹೇಳೋಕೆ ಆಗಲ್ಲ ಅಂದರೆ ಅದು ಹೋಗಲ್ಲ.

ಚಿತ್ರಾನೂ ಎಐ ಕೈಲಿ ಮಾಡಿಸಬೇಡಿ. ನಮಗೆ ಎತ್ತು ಕಟ್ಟಿದ ಗಾಣ ಬರೆದುಕೊಟ್ಟಿತ್ತು, ಭಾರೀ ಚೆಂದ. ಅದನ್ನು ನೋಡಿ ಒಬ್ಬರು ಮಗಳನ್ನು ಕರ್ಕೊಂಡು ಬಂದರು. ಆ ಮಗು ಮೋಟಾರ್ ಸುತ್ತ ಒಂದು ರೌಂಡ್ ಹೊಡೆದು "ಅಂಕಲ್, ಎತ್ತು ಎಲ್ಲಿ?" ಅಂತು. ಒಂದು ಹಿಡಿ ಶೇಂಗಾ ಕೊಟ್ಟು ಕಳಿಸಿದೆ.

ಟೂಲ್ ಯಾವುದಾದರೂ ಆಗುತ್ತೆ, ಫ್ರೀ ಇರೋದೇ ಸಾಕು. ದುಡ್ಡು ಕೊಡಬೇಡಿ.

ಮೇಷ್ಟ್ರು ಈಗಲೂ ನಮ್ಮಲ್ಲೇ ಎಣ್ಣೆ ಒಯ್ತಾರೆ. ಕ್ಯಾನ್ ಕೌಂಟರ್ ಮೇಲೆ ಇಟ್ಟು, "ಇವತ್ತು ಯಾವ ಕಾಯಿಲೆಗೆ ಕೊಡ್ತೀಯಪ್ಪಾ?" ಅಂತಾರೆ. ಒಗ್ಗರಣೆಗೆ ಸಾರ್, ಅಂತೀನಿ.